ಹನ್ನೊಂದು ಸೆಕೆಂಡು

“ಅಮ್ಮ ಸಿಕ್ಕಿದ್ರು ಸರ್!” ಎಂದು ಕೂಗುತ್ತಲೇ ಪ್ರೊಡ್ಯೂಸರ್ ಎಡಿಟಿಂಗ್ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕಳೆದುಹೋದ ಹೆತ್ತ ತಾಯಿಯನ್ನೇ ಹುಡುಕಿ ತಂದವನಂತೆ ಅವನ ಮುಖ ಅರಳಿತ್ತು. ಅವನ ಹಿಂದೆಯೇ ಅರವತ್ತು ದಾಟಿದ ಹೆಂಗಸೊಬ್ಬಳು ಕೈಯಲ್ಲಿ ಮಡಚಿದ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತಳು. ಕೋಣೆಯಲ್ಲಿ ಎಲ್ಲಾದರೂ ಕ್ಯಾಮೆರಾ ಇದೆಯೇ ಎಂದು ಅವಳ ಕಣ್ಣು ಮೊದಲು ಹುಡುಕಿತು.

ಕುರ್ಚಿಯಲ್ಲಿದ್ದ ಎಡಿಟರ್ ತಿರುಗಿ ನೋಡಿದ. ಚಾನೆಲ್ಲಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಕತ್ತರಿ ಎಂದು. ಚಾನೆಲ್ಲು ಹುಟ್ಟಿದ ದಿನದಿಂದ ಇದ್ದವನು. ಉಳಿದವರೆಲ್ಲ ದೊಡ್ಡ ಸಂಬಳಕ್ಕೋ ಸಣ್ಣ ಕಾಯಿಲೆಗೋ ಬಿಟ್ಟುಹೋಗಿದ್ದರು. ಹೆಂಗಸನ್ನು ನೋಡಿದ್ದೇ ಅವನಿಗೆ ನಗು ತಡೆಯಲಾಗಲಿಲ್ಲ.

“ಏನ್ ನಲ್ಲಿಯಮ್ಮ! ಇನ್ನೂ ನೀರು ಬರತ್ತಾ?”

“ಬರದೆ ಏನು? ಮುಂಚಿಗಿಂತ ಚೆನ್ನಾಗೇ ಬರತ್ತೆ. ಈಗ ಎರಡೂ ಕಣ್ಣಿಗೆ ಆಪರೇಷನ್ ಬೇರೆ ಆಗಿದೆ,” ಎಂದಳು ಅವಳು, ಹಳೆಯ ಸಹೋದ್ಯೋಗಿಯನ್ನು ಕಂಡ ಸಲಿಗೆಯಲ್ಲಿ.

ಪ್ರೊಡ್ಯೂಸರ್ ಇಬ್ಬರ ಮುಖವನ್ನೂ ನೋಡಿದ. “ಸರ್, ನಿಮಗೆ ಅಮ್ಮ ಮೊದಲೇ ಪರಿಚಯಾನಾ?”

“ಯಾರ ಅಮ್ಮ?”

ಚಾನೆಲ್ಲಿಗೆ ಇಪ್ಪತ್ತೈದು ತುಂಬಿತ್ತು. ಆ ಸಂಭ್ರಮಕ್ಕೆ ‘ಮರೆಯಲಾಗದ ಕ್ಷಣಗಳು’ ಎಂಬ ಕಾರ್ಯಕ್ರಮ ಮಾಡಬೇಕೆಂದು ತೀರ್ಮಾನವಾಗಿತ್ತು. ಆ ಕ್ಷಣಗಳು ಯಾರಿಗೂ ನೆನಪಿಲ್ಲದ್ದರಿಂದ ಪಟ್ಟಿ ಮಾಡಲು ಒಂದು ಸಮಿತಿ ಕೂತಿತು. ಒಂದೇ ಮನೆಯಲ್ಲಿ ನೂರು ದಿನ ಕೂಡಿಹಾಕಿದ್ದ ಹನ್ನೆರಡು ಮಂದಿಯಲ್ಲಿ ಇಬ್ಬರು ಸೋಪಿನ ತುಂಡಿಗೆ ಹೊಡೆದಾಡಿದ್ದು ಏಳನೇ ಸ್ಥಾನಕ್ಕೆ ಬಂತು. ಕ್ವಿಜ್ ಕಾರ್ಯಕ್ರಮದ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಮೇಷ್ಟರೊಬ್ಬರು ಹೇಳಿಕೊಟ್ಟ ಹಾಗೆ ನಾಲ್ಕು ನಿಮಿಷ ಬೆವರಿದ್ದು ನಾಲ್ಕನೆಯದಾಯಿತು. ಹವಾಮಾನ ಓದುತ್ತಿದ್ದವನ ತಲೆಯ ಮೇಲೆ ಬೆಕ್ಕು ಹಾರಿದ್ದಕ್ಕೆ ಮೂರನೇ ಸ್ಥಾನ. ಇಡೀ ಪಟ್ಟಿಯಲ್ಲಿ ನಿಜವಾಗಿ ನಡೆದದ್ದು ಇದೊಂದೇ. ಮೊದಲನೇ ಸ್ಥಾನಕ್ಕೆ ಮಾತ್ರ ಚರ್ಚೆಯೇ ಆಗಲಿಲ್ಲ. ಅದು ಹನ್ನೊಂದು ಸೆಕೆಂಡು.

ಇಪ್ಪತ್ತು ವರ್ಷದ ಹಿಂದೆ, ಜನ ಮೊಬೈಲಿನಲ್ಲಿ ಮೆಸೇಜು ಕಳಿಸಿ ಹಾಡುಗಾರರನ್ನು ಗೆಲ್ಲಿಸುವುದು ಹೊಸದಾಗಿ ಶುರುವಾಗಿದ್ದಾಗ, ಚಾನೆಲ್ಲಿನ ಮೊದಲ ಗಾಯನ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನೇಯ್ಗೆ ಮಿಲ್ಲಿನ ಕೆಲಸದವಳ ಮಗಳೊಬ್ಬಳು ಹಾಡಿದಳು. ವಯಸ್ಸು ಹತ್ತೊಂಬತ್ತು. ಎರಡನೇ ಚರಣಕ್ಕೆ ಬರುವಾಗ ಹಾಡು ನಿಂತುಹೋಯಿತು. ಹನ್ನೊಂದು ಸೆಕೆಂಡು ಅವಳು ಸುಮ್ಮನೆ ಎದುರಿಗೆ ನೋಡುತ್ತ ನಿಂತಳು. ಪರದೆಯ ಮೇಲೆ, ಸಭಿಕರ ನಡುವೆ ಒಬ್ಬ ತಾಯಿ ಕಣ್ಣೀರು ಸುರಿಸುತ್ತಿದ್ದಳು. ಹುಡುಗಿ ಮತ್ತೆ ಹಾಡು ಎತ್ತಿಕೊಂಡಾಗ ತೀರ್ಪುಗಾರರು ಎದ್ದು ನಿಂತರು. ಮರುದಿನ ಪತ್ರಿಕೆಗಳು ಆ ಮೌನದ ಬಗ್ಗೆ ಬರೆದವು. ಹುಡುಗಿ ಗೆದ್ದಳು, ದೊಡ್ಡ ಗಾಯಕಿಯಾದಳು, ಈಗ ಅದೇ ಚಾನೆಲ್ಲಿನಲ್ಲಿ ತೀರ್ಪುಗಾರ್ತಿಯಾಗಿ ಕೂತು, ಪದ ಮರೆತು ತಡವರಿಸುವ ಮಕ್ಕಳಿಗೆ “ಮೌನಾನೂ ಸಂಗೀತಾನೇ ಕಣ್ರೋ” ಎಂದು ಬುದ್ಧಿ ಹೇಳುತ್ತಾಳೆ.

ಅದೆಲ್ಲ ಶುಕ್ರವಾರ ಮಧ್ಯಾಹ್ನ ಚಿತ್ರೀಕರಿಸಿ ಭಾನುವಾರ ಸಂಜೆ ಬಿಟ್ಟದ್ದು. ಪರದೆಯ ಮೂಲೆಯಲ್ಲಿ ‘ನೇರಪ್ರಸಾರ’ ಎಂದು ಕೆಂಪಕ್ಷರದಲ್ಲಿ ಬರೆದವನು ಕತ್ತರಿಯೇ. ಆ ತಾಯಿಯನ್ನು ಅಲ್ಲಿ ಕೂರಿಸಿದವನೂ ಅವನೇ.

ಆಗ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಹಾಡು ಶುರುವಾಗುವ ಮೊದಲು, ಕೂಲಿಗೆ ಕರೆಸಿದ ಸಭಿಕರನ್ನು ಕೂರಿಸಿಕೊಂಡು ಹತ್ತು ನಿಮಿಷ ಚಪ್ಪಾಳೆ, ಐದು ನಿಮಿಷ ನಗು, ಐದು ನಿಮಿಷ ಬೆರಗು, ಕೊನೆಗೆ ಐದು ನಿಮಿಷ ಅಳು ತೆಗೆದಿಟ್ಟುಕೊಳ್ಳುತ್ತಿದ್ದರು. ಅವೆಲ್ಲ ಬೇರೆ ಟೇಪು. ಬೇಕಾದಲ್ಲಿ ಬೇಕಾದ ಮುಖ ಅಂಟಿಸಿದರಾಯಿತು. ಅಳುವಿನಲ್ಲಿ ನಲ್ಲಿಯಮ್ಮನನ್ನು ಮೀರಿಸುವವರು ಇರಲಿಲ್ಲ. ತನ್ನ ಕಡೆಯ ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ಅವಳ ಕಣ್ಣು ತುಂಬುತ್ತಿತ್ತು, ಆರಿದ ಕೂಡಲೇ ನಿಲ್ಲುತ್ತಿತ್ತು. ಗ್ಲಿಸರಿನ್ ಖರ್ಚಿಲ್ಲದ ಹೆಂಗಸು ಎಂದು ಎಲ್ಲರಿಗೂ ಪ್ರೀತಿ.

“ಅಂದ್ರೆ ಇವ್ರು ಅವ್ರ ಅಮ್ಮ ಅಲ್ವಾ?” ಎಂದು ಕೇಳಿ ಪ್ರೊಡ್ಯೂಸರ್ ಕುರ್ಚಿಯಲ್ಲಿ ಕುಸಿದ.

“ಅಮ್ಮ ಅಂತ ನಾವೆಲ್ಲಿ ಹೇಳಿದ್ವಿ? ಜನ ಅಂದ್ಕೊಂಡ್ರು. ಮುಂದಿನ ವಾರ ನಾವೂ ಅಂದ್ಕೊಂಡ್ವಿ.”

“ಮತ್ತೆ ನಿಜವಾದ ಅಮ್ಮ?”

“ಅವತ್ತು ಮೂರನೇ ಸಾಲಲ್ಲಿ ಕೂತಿದ್ದಳು. ಮೂರನೇ ಕ್ಯಾಮೆರಾ ಪೂರ್ತಿ ಅವಳ ಮೇಲೇ ಇತ್ತು. ಮಗಳು ನಿಂತುಬಿಟ್ಟಿದಾಳೆ, ಸ್ಟುಡಿಯೋ ಉಸಿರು ಹಿಡಿದಿದೆ, ಇವಳು ನೋಡಿದ್ರೆ ಆರಾಮಾಗಿ ಏನೋ ಅಗೀತಾ ಕೂತಿದಾಳೆ! ಒಂದು ಹನಿ ನೀರಿಲ್ಲ. ಅಂಥ ಮುಖ ಇಟ್ಕೊಂಡು ನಾನೇನ್ ಮಾಡ್ಲಿ? ಎತ್ತಿ ಬಿಸಾಕ್ದೆ.”

ಪ್ರೊಡ್ಯೂಸರ್ ಎರಡು ಸೆಕೆಂಡು ದುಃಖಪಟ್ಟ. ಅವನಿಗೆ ಅಷ್ಟೇ ಪುರುಸೊತ್ತು. ಆಮೇಲೆ ನಲ್ಲಿಯಮ್ಮನ ಕಡೆ ತಿರುಗಿ, “ಪರವಾಗಿಲ್ಲ ಬಿಡಿ. ಜನಕ್ಕೆ ನೀವೇ ಅಮ್ಮ. ಭಾನುವಾರ ಸ್ಟೇಜಿಗೆ ಬನ್ನಿ, ಮೇಡಂ ನಿಮ್ಮನ್ನ ಅಮ್ಮಾ ಅಂತ ತಬ್ಕೋತಾರೆ, ನೀವು ಅಳ್ತೀರ, ಮುಗೀತು,” ಎಂದ. ಅಲ್ಲಿಂದಲೇ ಗಾಯಕಿಗೆ ಫೋನು ಮಾಡಿದ. ವಿಷಯವನ್ನು ಎರಡೆರಡು ಸಲ ಹೇಳಬೇಕಾಯಿತು. ಕೊನೆಗೆ ಆ ಕಡೆಯಿಂದ “ಸರಿ” ಎಂದು ಬಂತು. ನಲ್ಲಿಯಮ್ಮನನ್ನು ಬಟ್ಟೆಯ ಅಳತೆಗೆ ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಡಿಟಿಂಗ್ ಕೋಣೆಯ ಬಾಗಿಲಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದಳು. ತೆಳ್ಳಗೆ, ನೆಟ್ಟಗೆ, ಒಗೆದು ಒಗೆದು ಬಣ್ಣ ಹೋಗಿದ್ದರೂ ಇಸ್ತ್ರಿ ಕೆಡದ ಬಟ್ಟೆ. ಅವಳ ಬೆರಳು ಹಿಡಿದಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಕತ್ತರಿ ಪತ್ರಿಕೆಗಳಲ್ಲಿ ನೋಡಿದ್ದ. ಗಾಯಕಿಯ ಮಗಳು.

“ನೀವೇ ಅಲ್ವೇನಪ್ಪ, ಅವತ್ತು ಬಂದು ಬಾಯಲ್ಲಿ ಇರೋದನ್ನ ಉಗುಳಿ ಬನ್ನಿ ಅಂದೋರು?” ಎಂದು ಹೆಂಗಸು ಕೇಳಿದಳು. ಸಿಟ್ಟೇನಿರಲಿಲ್ಲ. ವಿಳಾಸ ಖಚಿತಪಡಿಸಿಕೊಳ್ಳುವವರ ಹಾಗೆ ಕೇಳಿದಳು.

ಕತ್ತರಿ ಎದ್ದು ನಿಂತ. ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ. ಚಾನೆಲ್ಲಿನ ಮಾಲೀಕ ಬಂದರೂ ಅವನು ಏಳುತ್ತಿರಲಿಲ್ಲ.

“ಕೂತ್ಕೊಳ್ಳಿ ಅಮ್ಮ.”

“ಕೂರೋಕೆ ಬಂದಿಲ್ಲ. ಮಗಳು ನಿನ್ನೆ ಬಂದು ಹೇಳಿದ್ಲು, ಅಮ್ಮ ನೀನು ಭಾನುವಾರ ಬರಬೇಡ, ಅಲ್ಲಿ ಬೇರೆಯವ್ರು ಇರ್ತಾರೆ, ಹತ್ತೇ ನಿಮಿಷ ಅಂತ. ಆಗ್ಲಿ ಅಂದೆ. ನಂಗೆ ನಿಮ್ಮ ಸ್ಟೇಜೂ ಬೇಡ, ಹಾರಾನೂ ಬೇಡ. ಆದ್ರೆ ನನ್ನ ಹೊಟ್ಟೇಲಿ ಹುಟ್ಟಿದೋಳು ಇನ್ನೊಬ್ಬಳನ್ನ ಅಮ್ಮ ಅನ್ನೋದನ್ನ ಮನೇಲಿ ಕೂತು ನೋಡ್ಬೇಕಲ್ಲ, ಅದಕ್ಕೆ ಹೊಟ್ಟೆ ಉರಿಯತ್ತೆ. ಉರೀಲಿ, ನುಂಗ್ಕೋತೀನಿ. ಈ ಮಗು ಬೇರೆ ದಿನಾ ಕೇಳತ್ತೆ, ಅಜ್ಜಿ ನೀನು ಅವತ್ತು ಹೋಗೇ ಇರಲಿಲ್ವಾ ಅಂತ. ಇವಳಿಗೆ ಒಂದ್ಸಲ ತೋರಿಸಿ, ನಾನೂ ಅಲ್ಲಿದ್ದೆ ಅಂತ. ಅಷ್ಟು ಸಾಕು.”

“ಅಮ್ಮ, ಆ ಕಾಲದ ಟೇಪು... ಅದರ ಮೇಲೇ ಮತ್ತೆ ಮತ್ತೆ ರೆಕಾರ್ಡ್ ಮಾಡ್ತಿದ್ವಿ,” ಎಂದು ಕತ್ತರಿ ಗೊಣಗಿದ. ಗೊಣಗುತ್ತಲೇ ಬೀಗದ ಕೈ ತೆಗೆದುಕೊಂಡು ಕೆಳಗಿನ ಗೋದಾಮಿಗೆ ಹೋದ.

ಚಾನೆಲ್ಲಿನ ಇಪ್ಪತ್ತೈದು ವರ್ಷದ ಕೀರ್ತಿ ಅಲ್ಲಿ ರಟ್ಟಿನ ಡಬ್ಬಗಳಲ್ಲಿ ಬೂಸ್ಟು ಹಿಡಿದು ಬಿದ್ದಿತ್ತು. ಒಳ್ಳೆಯ ಟೇಪುಗಳೆಲ್ಲ ಉಜ್ಜಿ ಉಜ್ಜಿ ಬಳಕೆಯಾಗಿ ಹಾಳಾಗಿದ್ದವು. ತೀರಾ ಒಳಗಿನ ಕಪಾಟಿನಲ್ಲಿ, ಕೆಲಸಕ್ಕೆ ಬಾರದವೆಂದು ಯಾರೂ ಮುಟ್ಟದೆ ಬಿಟ್ಟ ಗುಡ್ಡೆಯಲ್ಲಿ ಅದು ಸಿಕ್ಕಿತು. ಅಂಟುಪಟ್ಟಿಯ ಮೇಲೆ ಅವನದೇ ಅಕ್ಷರ: ‘ಕ್ಯಾಮೆರಾ 3. ಬೇಡ. ತಾಯಿ ಏನೋ ಅಗಿಯುತ್ತಾಳೆ.’ ಬೇಡ ಎಂದು ಬರೆದದ್ದಕ್ಕೇ ಉಳಿದುಕೊಂಡಿತ್ತು. ಮೇಲೆ ಬರುವಾಗ ಮೆಟ್ಟಿಲಲ್ಲಿ ಉಗುರಿನಿಂದ ಆ ಪಟ್ಟಿಯನ್ನು ಕೆರೆದು ಕಿತ್ತು ಜೇಬಿಗೆ ಹಾಕಿಕೊಂಡ. ಅವನಿಗೆ ನಾಚಿಕೆಯಾಗಿತ್ತು. ಆ ವೃತ್ತಿಯಲ್ಲಿ ಅದು ಅಪರೂಪದ ಸಂಗತಿ.

ಹಳೆಯ ಯಂತ್ರ ನಾಲ್ಕು ಸಲ ಕೆಮ್ಮಿ ಟೇಪು ನುಂಗಿತು. ಪರದೆ ಮಿಣುಕಿತು. ಮೂರನೇ ಸಾಲಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸು ಕುರ್ಚಿಯ ತುದಿಗೆ ಬಂದು ಕೂತಿದ್ದಳು.

“ಅಜ್ಜಿ!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. “ನಿಂಗೆ ಎಷ್ಟೊಂದು ಕೂದಲಿತ್ತು! ತಾತ, ಸೌಂಡ್ ಕೊಡಿ.”

ತಾತ ಎಂದದ್ದು ಕತ್ತರಿಗೆ. ಅವನು ಅದನ್ನು ನುಂಗಿಕೊಂಡು, “ಇದರಲ್ಲಿ ಸೌಂಡ್ ಇಲ್ಲಮ್ಮ. ಹಾಡು ಬೇರೆ ಟೇಪಲ್ಲಿತ್ತು. ಇದು ಬರೀ ಮುಖ,” ಎಂದ.

ಪರದೆಯ ಹೆಂಗಸು ಇದ್ದಕ್ಕಿದ್ದಂತೆ ಕುತ್ತಿಗೆ ಮುಂದೆ ಚಾಚಿದಳು. ದವಡೆ ಅಲುಗಾಡತೊಡಗಿತು. ತುಟಿ ದೊಡ್ಡದಾಗಿ ತೆರೆಯಿತು, ಮುಚ್ಚಿತು, ಅಗಲವಾಯಿತು. ಇಪ್ಪತ್ತು ವರ್ಷದ ಹಿಂದೆ ಕತ್ತರಿ ನೋಡಿ ಬೈದುಕೊಂಡ ಭಾಗ ಇದೇ.

“ಬಾಗಿಲ ಬಳಿಯೇ ನಿಂತಿರುವೆ, ಬೆಳಕಾಗುವವರೆಗೂ,” ಎಂದಳು ಹುಡುಗಿ, ಗೋಡೆಯ ಮೇಲಿನ ಬರಹ ಓದುವಷ್ಟು ಸಲೀಸಾಗಿ.

“ಏನದು?” ಎಂದ ಕತ್ತರಿ.

“ಅಜ್ಜಿ ಹೇಳ್ತಿರೋದು. ಅಮ್ಮನ ಹಾಡಿಂದು. ಎರಡನೇ ಚರಣ. ನೋಡಿ, ಮತ್ತೆ ಹೇಳ್ತಿದಾಳೆ. ಬಾಗಿಲ ಬಳಿಯೇ... ಈಗ ‘ಅವರನ್ನ ನೋಡಬೇಡ, ನನ್ನ ನೋಡು’ ಅಂತಿದಾಳೆ. ಈಗ ಮತ್ತೆ ಬಾಗಿಲ ಬಳಿಯೇ.”

ಕತ್ತರಿ ಟೇಪನ್ನು ಹಿಂದಕ್ಕೆ ತಿರುಗಿಸಿದ. ಇನ್ನೊಮ್ಮೆ ನೋಡಿದ. ಆಮೇಲೆ ಹೆಂಗಸಿನ ಕಡೆ ತಿರುಗಿದ.

“ಮಿಲ್ಲಲ್ಲಿ ನೂರಿಪ್ಪತ್ತು ಮಗ್ಗ ಒಟ್ಟಿಗೆ ಬಡ್ಕೊಳ್ತಾ ಇದ್ವಪ್ಪ,” ಎಂದಳು ಅವಳು. “ಪಕ್ಕದೋಳು ಕಿರುಚಿದ್ರೂ ಕೇಳ್ತಿರಲಿಲ್ಲ. ನಾವು ಹೆಂಗಸ್ರು ಬಾಯಲ್ಲೇ ಆಡ್ತಿದ್ವಿ, ದನಿ ಇಲ್ದೆ. ಆ ಕೊನೇ ಮಗ್ಗದವಳ ಅತ್ತೆ ಏನು ಬೈದ್ಲು ಅಂತ ಈ ಕೊನೇಲಿ ನಂಗೆ ಗೊತ್ತಾಗ್ತಿತ್ತು. ನಮ್ಮ ಮಕ್ಕಳೂ ಅಲ್ಲೇ ಬೆಳೆದ್ವಲ್ಲ, ಅವಕ್ಕೂ ಬರತ್ತೆ. ಇವಳಿಗೆ ನಾನೇ ಆಟಕ್ಕೆ ಕಲಿಸ್ದೆ. ಅವತ್ತು ನನ್ನ ಮಗಳಿಗೆ ಪದ ಮರೆತುಹೋಯ್ತು. ಕಣ್ಣು ನೋಡಿದ್ರೆ ಗೊತ್ತಾಗಲ್ವಾ? ಹೇಳಿಕೊಟ್ಟೆ. ಆ ದೀಪದ ಬೆಳಕಲ್ಲಿ ಅವಳಿಗೆ ನಾನು ಕಾಣ್ಬೇಕಲ್ಲ, ಅದಕ್ಕೇ ಹನ್ನೊಂದು ಸೆಕೆಂಡು ಆಯ್ತು.”

“ಮತ್ತೆ ನೀವು ಅಳಲೇ ಇಲ್ಲ...” ಎಂದ ಕತ್ತರಿ. ಕೇಳಿದ ಮೇಲೆ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕೆನಿಸಿತು.

“ಅಳ್ತಾ ಕೂತಿದ್ರೆ ಹೇಳಿಕೊಡೋರು ಯಾರು?”

ಹುಡುಗಿಗೆ ಈ ಮಾತುಕತೆ ಬೇಸರವಾಗಿತ್ತು. “ತಾತ, ನಿಮಗೂ ಕಲಿಸ್ಲಾ? ಅಮ್ಮ ಅನ್ನೋದು ಎಲ್ಲಕ್ಕಿಂತ ಸುಲಭ. ಬಾಯಿ ತೆಗೀಬೇಕು, ತುಟಿ ಒತ್ತಿ ಮುಚ್ಚಬೇಕು, ಮತ್ತೆ ತೆಗೀಬೇಕು. ಅಪ್ಪ ಅಂದ್ರೂ ಹಂಗೇ ಕಾಣತ್ತೆ. ಆದ್ರೆ ಮಿಲ್ಲಲ್ಲಿ ಯಾರೂ ಅಪ್ಪನ್ನ ಕರೀತಾನೇ ಇರಲಿಲ್ವಂತೆ,” ಎಂದಳು. ಅಜ್ಜಿ ನಕ್ಕಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಭಾನುವಾರದ ತಾಲೀಮಿಗೆ ಬಂದಿದ್ದ ಗಾಯಕಿ ಅಮ್ಮ ಒಳಗಿದ್ದಾಳೆಂದು ಕೇಳಿ ಅರ್ಧ ಮೇಕಪ್ಪಿನಲ್ಲೇ ಓಡಿಬಂದಿದ್ದಳು. ಅವಳ ಹಿಂದೆ ಪ್ರೊಡ್ಯೂಸರ್. ಗಾಯಕಿಯ ಕಣ್ಣು ಮೊದಲು ಪರದೆಯ ಮೇಲೆ ಹೋಯಿತು. ಅಲ್ಲಿ ಅಮ್ಮನ ತುಟಿ ಇನ್ನೂ ಆಡುತ್ತಿತ್ತು. ಅವಳು ಗೋಡೆಗೆ ಒರಗಿ ನಿಂತಳು. ಇಪ್ಪತ್ತು ವರ್ಷದಲ್ಲಿ ಅಮ್ಮನ ಅವತ್ತಿನ ಆ ಮುಖವನ್ನು ಅವಳು ಎಲ್ಲೂ ನೋಡಿರಲಿಲ್ಲ. ಪರದೆಯಲ್ಲಿ ಎಷ್ಟು ಸಲ ಆ ಹನ್ನೊಂದು ಸೆಕೆಂಡು ಬಂದಿದ್ದರೂ ಅಲ್ಲಿ ಇದ್ದದ್ದು ನಲ್ಲಿಯಮ್ಮ. ಕೊನೆಕೊನೆಗೆ ಅವಳ ನೆನಪಿಗೂ ನಲ್ಲಿಯಮ್ಮನ ಮುಖವೇ ಬರುತ್ತಿತ್ತು.

ಪ್ರೊಡ್ಯೂಸರ್‌ಗೆ ಹುಡುಗಿ ಎಲ್ಲವನ್ನೂ ಒಂದೇ ಉಸಿರಿಗೆ ವಿವರಿಸಿದಳು. ಅವನ ಕಣ್ಣು ಹೊಳೆಯಿತು. “ಸೂಪರ್! ಸರ್, ಇದು ಅದಕ್ಕಿಂತ ದೊಡ್ಡದು! ಇಬ್ಬರು ಅಮ್ಮಂದಿರನ್ನೂ ಸ್ಟೇಜಿಗೆ ತರೋಣ. ನಿಜವಾದ ಅಮ್ಮ ಯಾರು ಅಂತ ಜನ ಮೆಸೇಜ್ ಕಳಿಸ್ಲಿ. ಬ್ರೇಕ್ ಆದ್ಮೇಲೆ ಟೇಪ್ ಬಿಡೋಣ!” ಹೆಣದ ಮನೆಗೆ ಹೋದರೂ ಒಳ್ಳೆಯ ಬೆಳಕು ಯಾವ ಕಿಟಕಿಯಿಂದ ಬರುತ್ತದೆ ಎಂದು ನೋಡುವ ಜಾತಿ ಅದು.

“ಬೇಡ,” ಎಂದಳು ಗಾಯಕಿ. “ನಾನು ಮರೆತಿದ್ದೆ ಅಂತ ಜನಕ್ಕೆ ಗೊತ್ತಾದ್ರೆ... ಅಮ್ಮ, ನಾನು ಎಲ್ಲಾ ಕಡೆ ಆ ಮೌನದ ಬಗ್ಗೇನೇ ಮಾತಾಡಿದೀನಿ. ಮಕ್ಕಳಿಗೆ ಪಾಠ ಹೇಳಿದೀನಿ. ಈಗ ಹೆಂಗೆ...”

ಹೇಳುತ್ತಿದ್ದಂತೆ ಅವಳಿಗೇ ತನ್ನ ಮಾತು ಅಸಹ್ಯವಾಗಿರಬೇಕು, ಅರ್ಧಕ್ಕೆ ನಿಲ್ಲಿಸಿದಳು. ತಾಯಿ ಅವಳನ್ನು ನೋಡಿದಳು. ಆ ನೋಟದಲ್ಲಿ ನೋವಿತ್ತು. ಅದನ್ನು ಮುಚ್ಚಿಡಲು ಅವಳು ಪ್ರಯತ್ನಿಸಲಿಲ್ಲ.

“ಗೊತ್ತಾಗೋದು ಬೇಡ ಬಿಡು. ನಾನೇನು ಊರಿಗೆಲ್ಲ ತೋರಿಸೋಕೆ ಬಂದಿಲ್ಲ. ಮಗು ನೋಡ್ತು, ಆಯ್ತು. ನೀನೂ ನೋಡ್ದೆ. ಬಾ ಕಂದ, ಬಸ್ಸಿಗೆ ಹೊತ್ತಾಯ್ತು.”

ಬಾಗಿಲ ಹತ್ತಿರ ಅವಳು ತಿರುಗಿ ಮಗಳ ಕಡೆಗೆ ಏನೋ ಹೇಳಿದಳು, ದನಿಯಿಲ್ಲದೆ. ಮಗಳು ಮುಖ ಮುಚ್ಚಿಕೊಂಡಳು.

“ಏನಂದ್ರು? ಏನಂದ್ರು?” ಎಂದು ಪ್ರೊಡ್ಯೂಸರ್ ಹುಡುಗಿಯನ್ನು ಕೇಳಿದ.

“ಹೇಳಲ್ಲ,” ಎಂದಳು ಹುಡುಗಿ.

ಭಾನುವಾರ ಸಂಜೆಯ ಕಾರ್ಯಕ್ರಮ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲವೋ ಏನೋ, ನಿಜವಾದ ನೇರಪ್ರಸಾರ. ಹಳಬನೆಂದು ಕಂಟ್ರೋಲ್ ರೂಮಿನಲ್ಲಿ ಕ್ಯಾಮೆರಾ ಬದಲಿಸುವ ಮೇಜಿಗೆ ಕತ್ತರಿಯನ್ನೇ ಕೂರಿಸಿದ್ದರು. ಅವನ ಎದುರು ನಾಲ್ಕು ಚಿಕ್ಕ ಪರದೆ. ಯಾವ ಗುಂಡಿ ಒತ್ತುತ್ತಾನೋ ಆ ಕ್ಯಾಮೆರಾದ ಕೆಂಪು ದೀಪ ಹತ್ತುತ್ತದೆ, ಆ ಮುಖ ಮನೆಮನೆಗೆ ಹೋಗುತ್ತದೆ. ಒಂದನೆಯದರಲ್ಲಿ ಗಾಯಕಿ, ಮೂರನೆಯದರಲ್ಲಿ ಹೊಸ ಬಟ್ಟೆಯ ನಲ್ಲಿಯಮ್ಮ. ಪಕ್ಕದಲ್ಲಿ ಕೂತ ಸಹಾಯಕಿ ಕಾರ್ಯಕ್ರಮದ ಹಾಳೆ ಹಿಡಿದು ಸೆಕೆಂಡು ಎಣಿಸುತ್ತಿದ್ದಳು. ಹಿಂದೆ ಪ್ರೊಡ್ಯೂಸರ್ ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದ.

ಸೋಪು ಬಂತು, ಮೇಷ್ಟರು ಬಂದರು, ಬೆಕ್ಕು ಬಂತು. ಕೊನೆಗೆ ದೀಪಗಳು ಮಂಕಾಗಿ, ಹಳೆಯ ಹನ್ನೊಂದು ಸೆಕೆಂಡು ದೊಡ್ಡ ಪರದೆಯ ಮೇಲೆ ಓಡಿತು. ಸಭಿಕರು ಎದ್ದು ನಿಂತರು. ಅವರನ್ನು ಹಾಗೆ ಎದ್ದು ನಿಲ್ಲಿಸಿ ಮಧ್ಯಾಹ್ನವೇ ಮೂರು ಸಲ ತಾಲೀಮು ಮಾಡಿಸಿದ್ದರು. ನಿರೂಪಕ ನಲ್ಲಿಯಮ್ಮನ ಕೈ ಹಿಡಿದು ವೇದಿಕೆಗೆ ಹತ್ತಿಸಿ, ಅರ್ಧ ಅತ್ತ ದನಿಯಲ್ಲಿ, “ಆ ದಿನ ಮಾತಾಡದೆ ಉಳಿದ ಮಾತು... ಇವತ್ತು ನಿಮ್ಮ ಅಮ್ಮನಿಗೆ ಹೇಳಿಬಿಡಿ ಮೇಡಂ!” ಎಂದ.

ನಲ್ಲಿಯಮ್ಮ ತೋಳು ಚಾಚಿದಳು. ಗಾಯಕಿ ಅವಳನ್ನು ನೋಡಿದಳು. ಒಂದು ಹೆಜ್ಜೆ ಅತ್ತ ಇಟ್ಟಳು ಕೂಡ. ಆಮೇಲೆ ನಿಂತಳು. ಮೆಲ್ಲಗೆ ತಿರುಗಿ ಒಂದನೇ ಕ್ಯಾಮೆರಾದ ಗಾಜಿನೊಳಕ್ಕೆ ನೇರವಾಗಿ ನೋಡಿದಳು. ಮೈಕು ಹಿಡಿದಿದ್ದ ಕೈಯನ್ನು ಕೆಳಗಿಳಿಸಿದಳು. ತುಟಿ ದೊಡ್ಡದಾಗಿ ತೆರೆಯಿತು, ಅಗಲವಾಯಿತು, ಮುಚ್ಚಿತು. ದನಿ ಬರಲಿಲ್ಲ.

“ಮೈಕ್ ಹೋಯ್ತು! ಸೌಂಡ್! ಸೌಂಡಲ್ಲಿ ಯಾರ್ ಸತ್ತಿದೀರೋ!” ಎಂದು ಪ್ರೊಡ್ಯೂಸರ್ ಅರಚಿದ.

“ಮೈಕ್ ಸರಿ ಇದೆ ಸರ್, ಮೇಡಮ್ಮೇ ಮಾತಾಡ್ತಿಲ್ಲ,” ಎಂದು ಆ ಕಡೆಯಿಂದ ಉತ್ತರ ಬಂತು.

“ಅವರ ಬಾಯಿ ಆಡ್ತಿದೆಯಲ್ಲೋ! ಕತ್ತರಿ ಸರ್, ಮೂರಕ್ಕೆ ಹೋಗಿ! ಅಮ್ಮನ ಮುಖಕ್ಕೆ ಹೋಗಿ, ಬೇಗ!”

ಕತ್ತರಿಯ ಬೆರಳು ಮೂರನೇ ಗುಂಡಿಯ ಮೇಲಿತ್ತು. ಇಪ್ಪತ್ತೈದು ವರ್ಷದಿಂದ ಆ ಬೆರಳು ಯೋಚಿಸದೆ ಒತ್ತುತ್ತಿತ್ತು. ಅವನು ಕೈಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಸರ್!”

“ನಾಲ್ಕು,” ಎಂದು ಸಹಾಯಕಿ ಎಣಿಸಿದಳು. “ಐದು. ಆರು.”

ಗಾಯಕಿಯ ಬಾಯಿ ಇನ್ನೂ ಆಡುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಕತ್ತರಿಗೆ ತಿಳಿಯಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಅದನ್ನು ತಿಳಿಯುವವರು ಇಬ್ಬರು ಟೀವಿ ಮುಂದೆ ಕೂತಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಕೊನೆಗೆ ಅವಳ ಬಾಯಿ ತೆರೆಯಿತು, ತುಟಿ ಒತ್ತಿ ಮುಚ್ಚಿತು, ಮತ್ತೆ ತೆರೆಯಿತು. ಅದೊಂದು ಅವನಿಗೆ ತಿಳಿಯಿತು.

ಮೂರನೇ ಚಿಕ್ಕ ಪರದೆಯಲ್ಲಿ ನಲ್ಲಿಯಮ್ಮ ತನ್ನ ಕ್ಯಾಮೆರಾದ ಕಡೆಗೇ ನೋಡುತ್ತಿದ್ದಳು. ಕೆಂಪು ದೀಪ ಹತ್ತಲಿಲ್ಲ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಣಗಿದ ಕಣ್ಣಿನಲ್ಲೇ ಕರವಸ್ತ್ರವನ್ನು ನಾಲ್ಕಾಗಿ ಮಡಚಿಕೊಂಡಳು.

“ಹನ್ನೊಂದು,” ಎಂದು ಎಣಿಸಿದ ಸಹಾಯಕಿ ಕತ್ತರಿಯ ಮುಖ ನೋಡಿ ಹಾಳೆ ಕೆಳಗಿಟ್ಟಳು. “ಸರ್, ಏನು ಅಗೀತಿದೀರ?”

ಅವನ ಬಾಯಲ್ಲಿ ಏನೂ ಇರಲಿಲ್ಲ.